ಆಟದ ಸೀಸೆಯ ಭೌತವಿಜ್ಞಾನ

ಮಳೆಗಾಲದ ಸಂಜೆ. ಹೊರಗೆ ಆಡಲು ಬಿಡುವಂತಿಲ್ಲ. ಒಳಗೆ ಆಡಿ ಆಡಿ ಮಗುವಿಗೆ ಬೇಸರ ಬಂದಿದೆ. ಇಂಥ ಹೊತ್ತಿನಲ್ಲಿ ರಂಪ ಹಿಡಿದ ಮಗುವನ್ನು ಸಮಾಧಾನಪಡಿಸಲು ಹಿರಿಯರು ಏನೆಲ್ಲ ಉಪಾಯಗಳನ್ನು ಹೂಡುವರೆಂಬುದು ಮಕ್ಕಳಿರುವ ಮನೆಯವರಿಗೆ ತಿಳಿದದ್ದೇ ಆಗಿದೆ. ಈಚಿನ ವರ್ಷಗಳಲ್ಲಿ ಈ ಉಪಾಯಗಳೆಲ್ಲ ಬಹುಮಟ್ಟಿಗೆ ಒಂದಕ್ಕೇ ಇಳಿದುಬಿಟ್ಟಿವೆ: ಮೊಬೈಲ್ ಫೋನನ್ನು ಮಗುವಿನ ಕೈಗೆ ಕೊಟ್ಟು ನಾವು ನಮ್ಮ ಕೆಲಸ ನೋಡಿಕೊಳ್ಳುವುದು. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ನಾಲ್ಕು ವರ್ಷದ ಮಗಳ ಕೈಯಿಂದ ಫೋನನ್ನು ಬಿಡಿಸುವ ದಾರಿ ಯಾವುದೆಂದು ಹುಡುಕುತ್ತಿದ್ದಾಗ ನಮಗೆ ದೊರೆತದ್ದು ಒಂದು ಸೀಸೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ಸೆನ್ಸರಿ ಬಾಟಲ್’ ಎಂದು ಹೆಸರು. ಕಣ್ಣು, ಕಿವಿ, ಕೈ ಮೊದಲಾದ ಇಂದ್ರಿಯಗಳಿಗೆ ಅನುಭವವನ್ನು ಒದಗಿಸುವ ಸೀಸೆ ಎಂದು ಇದರ ಅರ್ಥ. ನಾವು ಇದನ್ನು ಸರಳವಾಗಿ ‘ಆಟದ ಸೀಸೆ’ ಎಂದು ಕರೆಯೋಣ. ಪಾರದರ್ಶಕವಾದ ಒಂದು ಸೀಸೆ, ಅದರೊಳಗೆ ಯಾವುದಾದರೊಂದು ದ್ರವ, ದ್ರವದಲ್ಲಿ ತೇಲುವ, ಮುಳುಗುವ, ಹೊಳೆಯುವ ಕೆಲವು ವಸ್ತುಗಳು, ಮೇಲೆ ಭದ್ರವಾದ ಮುಚ್ಚಳ. ಇಷ್ಟೇ ಇದರ ಸಾಮಗ್ರಿ. ಮಗು ಅದನ್ನು ಕುಲುಕುತ್ತದೆ, ತಲೆಕೆಳಗು ಮಾಡುತ್ತದೆ, ಒಳಗೆ ನಡೆಯುವುದನ್ನು ನೋಡುತ್ತ ಕೂರುತ್ತದೆ. ಇಂಥ ಸೀಸೆಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಬಗೆಯನ್ನೂ, ಅವುಗಳೊಳಗೆ ನಡೆಯುವ ವ್ಯಾಪಾರದ ಕಾರಣವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮಿಂದಾದ ತಪ್ಪುಗಳನ್ನೂ ಮರೆಮಾಚದೆ ಹೇಳುತ್ತೇವೆ. ಈ ಸೀಸೆಗಳ ಭೌತವಿಜ್ಞಾನ ನಮಗೆ ಮನದಟ್ಟಾದದ್ದು ಆ ತಪ್ಪುಗಳಿಂದಲೇ.

ಸೀಸೆ ಹೊಸದಾದರೂ ಅದರ ಹಿಂದಿನ ವಿಚಾರ ಹೊಸದಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ ೧೯೦೭ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದರು. ಎಳೆಯ ಮಗು ಮಾತಿನಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಇಂದ್ರಿಯಗಳಿಂದ ಕಲಿಯುತ್ತದೆಂಬುದು ಅವರ ನಂಬಿಕೆಯಾಗಿತ್ತು. ಅವರು ಬಳಕೆಗೆ ತಂದ ಸಾಧನಗಳಲ್ಲಿ ಮುಚ್ಚಿದ ಪುಟ್ಟ ಡಬ್ಬಿಗಳ ಜೋಡಿಗಳೂ ಇವೆ. ಕುಲುಕಿ, ಸದ್ದನ್ನು ಆಲಿಸಿ, ಒಂದೇ ಸದ್ದಿನ ಎರಡು ಡಬ್ಬಿಗಳನ್ನು ಮಗು ಜೊತೆಗೂಡಿಸಬೇಕು. ೧೯೩೯ರಲ್ಲಿ ಮಾಂಟೆಸ್ಸೊರಿಯವರು ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡತೊಡಗಿದರು. ಮಹಾಯುದ್ಧದ ಕಾರಣದಿಂದ ಆ ವಾಸ ವರ್ಷಗಟ್ಟಲೆ ಮುಂದುವರಿಯಿತು. ನಮ್ಮ ಆಟದ ಸೀಸೆಯನ್ನು ಆ ಡಬ್ಬಿಗಳ ದೂರದ ನಂಟನೆಂದು ಹೇಳಬಹುದು.

ಇನ್ನು ಮೊದಲನೆಯ ಸೀಸೆಗೆ ಬರೋಣ. ಕಾಲು ಲೀಟರಿನಷ್ಟು ಹಿಡಿಯುವ, ಗಟ್ಟಿಯಾದ ಪ್ಲಾಸ್ಟಿಕ್ ಸೀಸೆಯೊಂದನ್ನು ಆರಿಸಿಕೊಳ್ಳಬೇಕು. ಗಾಜು ಸಲ್ಲದು. ಸೀಸೆ ದೊಡ್ಡದಾದರೂ ಸಲ್ಲದು; ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ, ಅದು ಪುಟ್ಟ ಪಾದದ ಮೇಲೆ ಬಿದ್ದರೆ ಪೆಟ್ಟಾದೀತು. ಸೀಸೆಯನ್ನು ತೊಳೆದು, ಕುದಿಸಿ ಆರಿಸಿದ ನೀರನ್ನು ತುಂಬಿ, ಅಂಗಡಿಗಳಲ್ಲಿ ಗ್ಲಿಟರ್ ಎಂಬ ಹೆಸರಿನಿಂದ ಸಿಗುವ ಮಿನುಗು ಪುಡಿಯನ್ನು ಒಂದು ಚಿಟಿಕೆ ಹಾಕಿದೆವು. ಪುಡಿ ಮೆಲ್ಲನೆ ಇಳಿಯುವುದೆಂದು ನಮ್ಮ ಎಣಿಕೆ. ಆದರೆ ಅದು ಇಳಿಯಲೇ ಇಲ್ಲ! ನೀರಿನ ಮೇಲೆ ಕೆನೆಗಟ್ಟಿದಂತೆ ನಿಂತುಬಿಟ್ಟಿತು.

ಮಿನುಗು ಪುಡಿ ಸಾಮಾನ್ಯವಾಗಿ ತೆಳುವಾದ ಪಾಲಿಯೆಸ್ಟರ್ ಹಾಳೆಯ ಮೇಲೆ ಲೋಹದ ಲೇಪ ಕೊಟ್ಟು ಕತ್ತರಿಸಿದ ಚೂರುಗಳು. ಈ ಪಾಲಿಯೆಸ್ಟರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು ೧.೩೮ ಗ್ರಾಂ, ನೀರಿನದು ೧ ಗ್ರಾಂ. ಆರ್ಕಿಮಿಡೀಸನ ಲೆಕ್ಕದಂತೆ ಚೂರು ಮುಳುಗಲೇಬೇಕು. ಮುಳುಗದಂತೆ ತಡೆದದ್ದು ನೀರಿನ ಮೇಲ್ಮೈ ಕರ್ಷಣ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆದುಕೊಂಡಿರುವುದರಿಂದ ಅದರ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಎಚ್ಚರದಿಂದ ಅಡ್ಡಲಾಗಿ ಇಟ್ಟ ಸೂಜಿ ನೀರಿನ ಮೇಲೆ ನಿಲ್ಲುವುದೂ, ಉದ್ದಗಾಲಿನ ಕೀಟಗಳು ಕೆರೆಯ ಮೇಲೆ ಓಡಾಡುವುದೂ ಇದರಿಂದಲೇ. ಪರಿಹಾರ ಸುಲಭ: ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನು ಒಂದೇ ಒಂದು ತೊಟ್ಟು ಬಿಡಬೇಕು. ಸಾಬೂನಿನ ಅಣುಗಳು ಮೇಲ್ಮೈಯಲ್ಲಿ ಸೇರಿಕೊಂಡು ಆ ಬಿಗಿತವನ್ನು ಸಡಿಲಿಸುತ್ತವೆ. ಹಾಗೆ ಮಾಡಿದೊಡನೆ ನಮ್ಮ ಮಿನುಗು ಪುಡಿಯೂ ಕೆಳಗಿಳಿಯಿತು.

ಇಳಿಯಿತೇನೋ ಸರಿ, ಆದರೆ ನೋಡನೋಡುತ್ತಿದ್ದಂತೆ ತಳ ಸೇರಿತು. ಮಗಳು ಎರಡು ಸಲ ಕುಲುಕಿ ಸೀಸೆಯನ್ನು ಬದಿಗಿಟ್ಟಳು. ವೇಗವನ್ನು ತಗ್ಗಿಸಬೇಕಾದರೆ ದ್ರವ ಮಂದವಾಗಿರಬೇಕು. ಔಷಧಿಯ ಅಂಗಡಿಯಲ್ಲಿ ಸಿಗುವ ಗ್ಲಿಸರೀನ್ ಇದಕ್ಕೆ ತಕ್ಕದ್ದು. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ಭಾವಿಸಿ, ನೀರನ್ನೆಲ್ಲ ಚೆಲ್ಲಿ, ಬರಿಯ ಗ್ಲಿಸರೀನನ್ನೇ ತುಂಬಿ ಒಂದು ಸಂಜೆ ಮಗಳ ಕೈಗೆ ಕೊಟ್ಟೆವು. ಅವಳು ತಲೆಕೆಳಗು ಮಾಡಿ ಹಿಡಿದುಕೊಂಡು ಕಾದಳು, ನಾವೂ ಕಾದೆವು. ಕೊನೆಗೆ, “ಅಪ್ಪಾ, ಇದು ಬೀಳೋದೇ ಇಲ್ಲ” ಎಂದು ಸೀಸೆಯನ್ನು ಹಿಂದಿರುಗಿಸಿದಳು. ರಾತ್ರಿ ಮಲಗುವ ಹೊತ್ತಿಗೂ ಪುಡಿ ಅರ್ಧದಾರಿ ಇಳಿದಿರಲಿಲ್ಲ.

ಇದೇಕೆ ಹೀಗಾಯಿತು? ದ್ರವದೊಳಗೆ ಬೀಳುವ ಸಣ್ಣ ಗುಂಡಿನ ವೇಗವನ್ನು ಕುರಿತು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ೧೮೫೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಉತ್ತರವಿದೆ. ಅವನ ನಿಯಮವನ್ನು ಮಾತಿನಲ್ಲಿ ಹೀಗೆ ಹೇಳಬಹುದು. ಗುಂಡಿನ ಮೇಲೆ ಮೂರು ಬಲಗಳು ವರ್ತಿಸುತ್ತವೆ: ಕೆಳಕ್ಕೆ ಎಳೆಯುವ ಅದರ ತೂಕ, ಮೇಲಕ್ಕೆ ಎತ್ತುವ ದ್ರವದ ಒತ್ತಡ, ಚಲನೆಯನ್ನು ತಡೆಯುವ ದ್ರವದ ಸ್ನಿಗ್ಧತೆ. ಈ ಮೂರೂ ಸರಿದೂಗಿದಾಗ ಗುಂಡು ಒಂದೇ ವೇಗದಿಂದ ಇಳಿಯುತ್ತದೆ. ಗುಂಡಿಗೂ ದ್ರವಕ್ಕೂ ಸಾಂದ್ರತೆಯಲ್ಲಿರುವ ಅಂತರ ಹೆಚ್ಚಿದಷ್ಟೂ ಈ ವೇಗ ಹೆಚ್ಚು. ದ್ರವದ ಸ್ನಿಗ್ಧತೆ ಹೆಚ್ಚಿದಷ್ಟೂ ಕಡಿಮೆ. ಮಿನುಗು ಪುಡಿಯ ಚೂರು ಗುಂಡಲ್ಲ, ಚಪ್ಪಟೆ. ಆದುದರಿಂದ ಲೆಕ್ಕ ಕರಾರುವಾಕ್ಕಾಗಿ ಹೊಂದದಿದ್ದರೂ ಹೋಲಿಕೆಗೆ ಅಡ್ಡಿಯಿಲ್ಲ.

ಈಗ ಅಂಕಿಗಳನ್ನು ನೋಡಿ. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗ್ಲಿಸರೀನಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ೧೪೦೦ ಪಟ್ಟು. ಅಷ್ಟೇ ಅಲ್ಲ, ಅದರ ಸಾಂದ್ರತೆ ೧.೨೬, ಪುಡಿಯ ಸಾಂದ್ರತೆಯಾದ ೧.೩೮ಕ್ಕೆ ತೀರ ಹತ್ತಿರ. ನೀರಿನಲ್ಲಿ ೦.೩೮ರಷ್ಟಿದ್ದ ಅಂತರ ಇಲ್ಲಿ ೦.೧೨ಕ್ಕೆ, ಎಂದರೆ ಮೂರನೆಯ ಒಂದಕ್ಕೂ ಕಡಿಮೆಗೆ ಇಳಿಯಿತು. ಎರಡು ಕಾರಣಗಳೂ ಸೇರಿ ಪುಡಿಯ ವೇಗ ನಾಲ್ಕು ಸಾವಿರ ಪಟ್ಟಿಗಿಂತಲೂ ತಗ್ಗಿತು. ಅರ್ಧ ನಿಮಿಷದಲ್ಲಿ ಇಳಿಯಬೇಕಾದದ್ದು ಒಂದು ದಿನಕ್ಕಿಂತ ಹೆಚ್ಚು ಹೊತ್ತನ್ನು ತೆಗೆದುಕೊಂಡರೆ ಅಚ್ಚರಿಯೇನು? ಈ ಲೆಕ್ಕವನ್ನು ನಾವು ಮೊದಲೇ ಹಾಕಬಹುದಾಗಿತ್ತು. ವರ್ಷ ವರ್ಷವೂ ತರಗತಿಯ ಕರಿಹಲಗೆಯ ಮೇಲೆ ಸ್ಟೋಕ್ಸನ ಸೂತ್ರವನ್ನು ಬರೆಯುವವರಿಗೆ ಮನೆಯಲ್ಲಿ ಅದು ನೆನಪಾಗಲಿಲ್ಲ.

ಅದೃಷ್ಟವಶಾತ್ ಗ್ಲಿಸರೀನಿಗೆ ನೀರನ್ನು ಬೆರೆಸಿದರೆ ಅದರ ಸ್ನಿಗ್ಧತೆ ಬಹು ವೇಗವಾಗಿ ಕುಸಿಯುತ್ತದೆ. ತೂಕದಲ್ಲಿ ಹತ್ತರಲ್ಲೊಂದು ಪಾಲು ನೀರಾದರೆ ಅದು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡೂ ಸಮತೂಕವಾದಾಗ ನೀರಿನ ಸುಮಾರು ಆರು ಪಟ್ಟು ಮಾತ್ರ ಉಳಿಯುತ್ತದೆ. ನಮ್ಮ ಅನುಭವದಲ್ಲಿ ಒಂದು ಲೋಟ ನೀರಿಗೆ ಒಂದು ಲೋಟ ಗ್ಲಿಸರೀನ್ ಬೆರೆಸಿ, ಒಂದು ತೊಟ್ಟು ಸಾಬೂನು, ಒಂದು ಚಿಟಿಕೆ ಮಿನುಗು ಪುಡಿ, ಬೇಕಾದರೆ ನಾಲ್ಕು ಚಮಕಿ ಹಾಕಿದ ಸೀಸೆ ಚೆನ್ನಾಗಿ ಆಡುತ್ತದೆ. ಪುಡಿ ತಳ ಸೇರಲು ಕೆಲವು ನಿಮಿಷಗಳಾಗುತ್ತವೆ. ಬೇಗ ಬೇಕೆನ್ನುವವರು ನೀರನ್ನೂ ನಿಧಾನ ಬೇಕೆನ್ನುವವರು ಗ್ಲಿಸರೀನನ್ನೂ ಚಮಚೆಯಷ್ಟು ಹೆಚ್ಚಿಸಿಕೊಳ್ಳಬಹುದು. ಇನ್ನೊಂದು ಮಾತು: ಉಷ್ಣತೆ ೨೦ ಡಿಗ್ರಿಯಿಂದ ೩೦ ಡಿಗ್ರಿಗೆ ಏರಿದರೆ ಬರಿಯ ಗ್ಲಿಸರೀನಿನ ಸ್ನಿಗ್ಧತೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಮಾಗಿಯಲ್ಲಿ ಆಲಸಿಯಾಗಿದ್ದ ಸೀಸೆ ಬೇಸಿಗೆಯಲ್ಲಿ ಚುರುಕಾದರೆ ಇದೇ ಕಾರಣ.

ಎರಡನೆಯದು ಎಣ್ಣೆ ನೀರಿನ ಸೀಸೆ. ಎಣ್ಣೆ ನೀರು ಒಂದಾಗವೆಂಬುದನ್ನು ಅಡುಗೆಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ನೀರಿನ ಅಣುಗಳಿಗೆ ತಮ್ಮ ತಮ್ಮಲ್ಲೇ ಇರುವ ಸೆಳೆತ ಬಲವಾದದ್ದು; ಎಣ್ಣೆಯ ಅಣುವಿಗೆ ಆ ಕೂಟದಲ್ಲಿ ಎಡೆಯಿಲ್ಲ. ಎಣ್ಣೆಯ ಸಾಂದ್ರತೆ ಸುಮಾರು ೦.೯೨ ಆದುದರಿಂದ ಅದು ಮೇಲೆ ನಿಲ್ಲುತ್ತದೆ. ಸೀಸೆಯ ಅರ್ಧದಷ್ಟು ನೀರನ್ನು ತುಂಬಿ, ತಿಂಡಿಗೆ ಹಾಕುವ ಬಣ್ಣವನ್ನು ಎರಡು ತೊಟ್ಟು ಬೆರೆಸಿ, ಮೇಲೆ ಎಣ್ಣೆಯನ್ನು ಸುರಿಯಿರಿ. ಬಣ್ಣ ನೀರಿನಲ್ಲಿ ಕರಗುತ್ತದೆ, ಎಣ್ಣೆಗೆ ಹತ್ತುವುದಿಲ್ಲ. ಎಣ್ಣೆಗೂ ಬಣ್ಣ ಬೇಕಾದರೆ ಅದಕ್ಕೆ ಅರಿಸಿನ ಕದಡಿ ಬಟ್ಟೆಯಲ್ಲಿ ಸೋಸಿಕೊಳ್ಳಬಹುದು. ಅರಿಸಿನದ ಹಳದಿ ದ್ರವ್ಯ ಎಣ್ಣೆಯಲ್ಲಿ ಕರಗುವಂತೆ ನೀರಿನಲ್ಲಿ ಕರಗದು. ಈ ಸೀಸೆಗೆ ಮಾತ್ರ ಸಾಬೂನಿನ ಸೋಂಕೂ ತಗಲಬಾರದು. ತಗಲಿದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿಕೊಂಡು ಎಲ್ಲವೂ ಹಾಲಿನಂತೆ ಬೆಳ್ಳಗಾಗುತ್ತದೆ.

ಇಲ್ಲಿಯೂ ನಾವು ಎಡವಿದೆವು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಹಾಕಿದ್ದೆವು. ಡಿಸೆಂಬರಿನ ಒಂದು ಬೆಳಿಗ್ಗೆ ಎದ್ದು ನೋಡುವಾಗ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿ ಸೀಸೆಯ ಕೊರಳಿನಲ್ಲಿ ಕೂತಿತ್ತು. ಕೊಬ್ಬರಿ ಎಣ್ಣೆ ಸುಮಾರು ೨೪ ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಕಡಲೆಕಾಯಿ ಎಣ್ಣೆಗೋ ಸೂರ್ಯಕಾಂತಿ ಎಣ್ಣೆಗೋ ನಮ್ಮ ಊರುಗಳ ಚಳಿಯಲ್ಲಿ ಈ ತೊಂದರೆಯಿಲ್ಲ.

ಎರಡನೆಯ ಎಡವು ಇಷ್ಟು ಹಗುರವಾದದ್ದಲ್ಲ. ಮುಚ್ಚಳವನ್ನು ಬರಿಯ ಕೈಯಿಂದ ತಿರುಗಿಸಿ ಬಿಗಿಮಾಡಿದ್ದೆವು, ಅಂಟು ಹಾಕಿರಲಿಲ್ಲ. ಮಗಳು ಸೀಸೆಯನ್ನು ಉರುಳಿಸಿಕೊಂಡು ಹೋದ ದಾರಿಯುದ್ದಕ್ಕೂ ಎಣ್ಣೆ ಒಸರಿತ್ತು. ದೇವರ ಮನೆಯಿಂದ ಬರುತ್ತಿದ್ದ ನಮ್ಮ ತಾಯಿಯವರ ಕಾಲು ಅದರ ಮೇಲೆ ಜಾರಿತು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಅವರು ಬೀಳಲಿಲ್ಲ. ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದ್ದರೆ ಏನು ಗತಿಯೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಂದಿನಿಂದ ನಮ್ಮ ಮನೆಯಲ್ಲೊಂದು ಕಟ್ಟಳೆಯಿದೆ. ಸೀಸೆಯ ಬಾಯನ್ನೂ ಮುಚ್ಚಳದ ತಿರುಪನ್ನೂ ಒರಸಿ ಒಣಗಿಸಬೇಕು; ಎಣ್ಣೆಯ ಪಸೆಯಿದ್ದರೆ ಅಂಟು ಹಿಡಿಯದು. ಎಪಾಕ್ಸಿಯಂಥ ಗಟ್ಟಿ ಅಂಟನ್ನು ಸವರಿ ತಿರುಗಿಸಿ, ಒಂದು ದಿನ ಒಣಗಲು ಬಿಟ್ಟು, ಮೇಲೆ ಅಂಟುಪಟ್ಟಿಯನ್ನು ಸುತ್ತಬೇಕು. ಆ ಬಳಿಕ ಕಾಗದದ ಮೇಲೆ ರಾತ್ರಿಯೆಲ್ಲ ತಲೆಕೆಳಗಾಗಿ ನಿಲ್ಲಿಸಿ, ಕಾಗದ ಒಣಗಿಯೇ ಇದ್ದರೆ ಮಾತ್ರ ಮಗುವಿನ ಕೈಗೆ ಕೊಡಬೇಕು. ಸೀಸೆಯನ್ನು ಕಂಠಪೂರ್ತಿ ತುಂಬದೆ ಎರಡು ಬೆರಳಷ್ಟು ಗಾಳಿಗೆ ಎಡೆ ಬಿಡಬೇಕು; ಬಿಸಿಲಿಗೆ ದ್ರವ ಹಿಗ್ಗಿದಾಗ ಮುಚ್ಚಳದ ಮೇಲೆ ಒತ್ತಡ ಬೀಳದು.

ಮೂರನೆಯ ಸೀಸೆಗೆ ದ್ರವವೇ ಬೇಡ. ಚೆನ್ನಾಗಿ ಬಿಸಿಲಿಗೆ ಹಾಕಿದ ರಾಗಿಯನ್ನು ಸೀಸೆಯ ಮೂರನೆಯ ಒಂದು ಭಾಗದಷ್ಟು ತುಂಬಿ, ಐದಾರು ಒಣ ಅವರೆಕಾಳುಗಳನ್ನು ಹಾಕಿ ಮುಚ್ಚಿರಿ. ಅವರೆ ರಾಗಿಯೊಳಗೆ ಹೂತುಹೋಗಲಿ. ಈಗ ಸೀಸೆಯನ್ನು ನೆಟ್ಟಗೆ ಹಿಡಿದು ಮೆಲ್ಲಮೆಲ್ಲನೆ ಮೇಲಕ್ಕೂ ಕೆಳಕ್ಕೂ ಕುಲುಕಿರಿ. ಭಾರವಾದ ಅವರೆ ಕೆಳಗೆ ಹೋಗಬೇಕೆಂದು ತೋರುವುದು ಸಹಜ. ಆದರೆ ಅದು ಒಂದೊಂದಾಗಿ ಮೇಲೆ ಬರುತ್ತದೆ! ಪ್ರತಿಯೊಂದು ಕುಲುಕಿಗೂ ಕಾಳುಗಳು ಕೊಂಚ ಮೇಲೆ ಹಾರುತ್ತವೆ. ಅವರೆಯ ಕೆಳಗೆ ಉಂಟಾದ ಸಂದಿಯೊಳಕ್ಕೆ ಪುಟ್ಟ ರಾಗಿ ನುಸುಳುತ್ತದೆ. ರಾಗಿಯ ನಡುವಣ ಸಂದಿಗಳಲ್ಲಿ ಅವರೆ ಇಳಿಯಲಾರದು. ಹೀಗೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಿವಿಗೂ ಈ ಸೀಸೆ ಹಿತ: ರಾಗಿ ಮಾತ್ರ ತುಂಬಿದ ಸೀಸೆಯ ಸದ್ದು ಸರಸರ, ಅವರೆಯದು ಗಡಗಡ. ಕಣ್ಣು ಮುಚ್ಚಿಸಿ ಯಾವುದು ಯಾವುದೆಂದು ಕೇಳಿದರೆ ಮಕ್ಕಳಿಗೆ ಒಳ್ಳೆಯ ಆಟವಾಗುತ್ತದೆ.

ಸೀಸೆಯೊಳಗೆ ಹಾಕಬಾರದವುಗಳನ್ನೂ ಇಲ್ಲಿಯೇ ಹೇಳಬೇಕು. ಮುಚ್ಚಳ ಎಷ್ಟೇ ಭದ್ರವಾಗಿದ್ದರೂ ಒಂದು ದಿನ ಅದು ಬಿಚ್ಚಿಕೊಂಡೀತೆಂದೇ ಎಣಿಸಿ ಒಳಗಿನ ವಸ್ತುಗಳನ್ನು ಆರಿಸಬೇಕು. ಗುಂಡಿಯಾಕಾರದ ಬ್ಯಾಟರಿಯಿರುವ ಮಿಣುಕು ದೀಪಗಳು ಸರ್ವಥಾ ಕೂಡದು. ಅಂಥ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳೊಳಗೆ ಆ ಭಾಗ ಸುಟ್ಟಂತಾಗುತ್ತದೆ. ನೀರಿನಲ್ಲಿ ಉಬ್ಬುವ ಬಣ್ಣಬಣ್ಣದ ಮಣಿಗಳೂ ಬೇಡ. ಹೊಟ್ಟೆಯೊಳಗೂ ಅವು ಉಬ್ಬಿ ಕರುಳನ್ನು ಕಟ್ಟಬಲ್ಲವು. ಪುಟ್ಟದಾದರೂ ಬಲವಾದ ಅಯಸ್ಕಾಂತಗಳನ್ನು ಎರಡು ನುಂಗಿದರೆ ಅವು ಕರುಳಿನ ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ತೂತು ಮಾಡಬಲ್ಲವು. ಸೀಮೆಎಣ್ಣೆ, ಸ್ಪಿರಿಟ್‌ಗಳ ಮಾತು ಹೇಳಬೇಕಾಗಿಯೇ ಇಲ್ಲ. ಎಲ್ಲವನ್ನೂ ಬಾಯಿಗಿಡುವ ಮಗುವಿರುವ ಮನೆಯಲ್ಲಿ ಹಿರಿಯರು ಬಳಿಯಲ್ಲಿಯೇ ಇರಬೇಕು. ಕೊನೆಯದಾಗಿ, ನೀರು ತುಂಬಿದ ಸೀಸೆ ಒಂದು ಮಸೂರವೂ ಹೌದು. ಬಿಸಿಲು ಬೀಳುವ ಕಿಟಕಿಯಲ್ಲಿ ಅದನ್ನು ಇಟ್ಟರೆ ಬೆಳಕು ಒಂದೆಡೆ ಕೂಡಿ ಬಟ್ಟೆ, ಕಾಗದಗಳನ್ನು ಸುಡಬಹುದು. ಆಟ ಮುಗಿದ ಮೇಲೆ ಸೀಸೆಯ ಸ್ಥಾನ ಕಪಾಟು.

ಈ ಸೀಸೆಗಳು ಔಷಧವಲ್ಲ. ಹಟಮಾರಿ ಮಗುವನ್ನು ಇವು ಸಾಧುವಾಗಿಸುತ್ತವೆಂದು ನಾವು ಹೇಳುವುದಿಲ್ಲ. ಎಷ್ಟೋ ಸಂಜೆ ನಮ್ಮ ಮಗಳು ಅವನ್ನು ಮುಟ್ಟದೆ ಫೋನನ್ನೇ ಕೇಳಿದ್ದೂ ಉಂಟು. ಆದರೆ ಒಂದು ಸಂಜೆಯ ಮಾತನ್ನು ಹೇಳದಿರಲಾರೆವು. ಅವಳು ಎಣ್ಣೆ ನೀರಿನ ಸೀಸೆಯನ್ನು ಜೋರಾಗಿ ಕುಲುಕಿ ನೆಲದ ಮೇಲಿಟ್ಟು, ಗಲ್ಲಕ್ಕೆ ಕೈಕೊಟ್ಟು ಮಲಗಿ ನೋಡುತ್ತಿದ್ದಳು. ದೊಡ್ಡ ಎಣ್ಣೆಯ ಹನಿಗಳು ಸರಸರನೆ ಮೇಲೇರಿದವು, ಸಣ್ಣವು ಹಿಂದುಳಿದವು, ತೀರ ಸಣ್ಣವು ಮಂಜಿನಂತೆ ನಿಂತೇ ಇದ್ದವು. “ಅಪ್ಪಾ, ದೊಡ್ಡವು ಯಾಕೆ ಮೊದಲು ಹೋಗ್ತವೆ?” ಎಂದಳು.

ಸ್ಟೋಕ್ಸನ ನಿಯಮದಲ್ಲಿ ನಾವು ಮೇಲೆ ಹೇಳದೆ ಉಳಿಸಿಕೊಂಡ ಭಾಗ ಇದೇ. ವೇಗ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆ: ಹನಿಯ ಅಳತೆ ಅರ್ಧವಾದರೆ ವೇಗ ನಾಲ್ಕನೆಯ ಒಂದು ಭಾಗ, ಹತ್ತನೆಯ ಒಂದಾದರೆ ವೇಗ ನೂರನೆಯ ಒಂದು ಭಾಗ. ಕಾಸಿ ಆರಿಸಿದ ಹಾಲಿನ ಕೆನೆ ಮೇಲೇರುವುದಕ್ಕೂ, ಜಿಡ್ಡಿನ ಕಣಗಳನ್ನು ಯಂತ್ರದಿಂದ ಒಂದು ಮೈಕ್ರಾನಿಗಿಂತ ಚಿಕ್ಕದಾಗಿ ಒಡೆದ ಹಾಲಿನಲ್ಲಿ ಅದು ಏರದಿರುವುದಕ್ಕೂ ಇದೇ ಕಾರಣ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆಯಲು ಅಮೆರಿಕದ ಮಿಲಿಕನ್ ೧೯೦೯ರಲ್ಲಿ ಎಣ್ಣೆಯ ಹನಿಗಳ ಪ್ರಯೋಗಗಳನ್ನು ತೊಡಗಿದಾಗ, ಹನಿಯ ಗಾತ್ರವನ್ನು ಅರಿತದ್ದೂ ಅದು ಬೀಳುವ ವೇಗದಿಂದಲೇ. ಇವೆಲ್ಲ ನಮ್ಮ ನಾಲಗೆಯ ತುದಿಗೆ ಬಂದಿದ್ದವು. ನಾಲ್ಕು ವರ್ಷದ ಮಗುವಿಗೆ ತ್ರಿಜ್ಯದ ವರ್ಗವೆಂದರೇನು? ಹೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳು. “ಹೌದಲ್ಲ! ಇನ್ನೊಂದು ಸಲ ನೋಡೋಣ” ಎಂದಷ್ಟೇ ಹೇಳಿ ನಾವೂ ನೆಲದ ಮೇಲೆ ಮಲಗಿದೆವು. ಅವಳು ಮತ್ತೆ ಕುಲುಕಿದಳು.

ಅಷ್ಟರಲ್ಲಿ ಹೊರಗೆ ಮಳೆ ನಿಂತಿತ್ತು, ಮೋಡವಿನ್ನೂ ಕವಿದಿತ್ತು. ಮೋಡವೂ ನೀರಿನ ಹನಿಗಳದೇ ಗುಂಪು. ನೂರನೆಯ ಒಂದು ಮಿಲಿಮೀಟರ್ ತ್ರಿಜ್ಯದ ಮೋಡದ ಹನಿ, ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಗಾಳಿ ಕೊಂಚ ಮೇಲಕ್ಕೆ ಬೀಸಿದರೂ ಅದು ಬೀಳುವುದಿಲ್ಲ. ಅಂಥ ಲಕ್ಷಾಂತರ ಹನಿಗಳು ಕೂಡಿ ಒಂದಾದಾಗಲೇ ಅದು ಮಳೆಯ ಹನಿಯಾಗಿ ನೆಲ ಮುಟ್ಟುತ್ತದೆ. ಮಗಳ ಸೀಸೆಯಲ್ಲಿ ಮಂಜಿನಂತೆ ನಿಂತಿದ್ದ ಎಣ್ಣೆಗೂ ಕಿಟಕಿಯಾಚೆ ನಿಂತಿದ್ದ ಮೋಡಕ್ಕೂ ನಿಯಮ ಒಂದೇ. ಅವಳು ಅದನ್ನು ಕಾಲೇಜಿನಲ್ಲಿ ಓದುವಳೋ ಇಲ್ಲವೋ ನಾವು ಅರಿಯೆವು. ಓದಿದರೆ, ಕಣ್ಣಾರೆ ಕಂಡದ್ದಕ್ಕೆ ಹೆಸರು ಸಿಕ್ಕಿತೆಂದು ಅವಳಿಗೆ ಅನಿಸೀತು. ಆ ಸೌಭಾಗ್ಯ ನಮಗಿರಲಿಲ್ಲ. ನಾವು ಹೆಸರನ್ನು ಮೊದಲು ಕಲಿತು, ಕಣ್ಣಿನಿಂದ ಕಂಡದ್ದು ಆ ಸಂಜೆ.